ಅಜ್ಜಿಯ ಜಪಮಾಲೆ ಮತ್ತು ನಮ್ಮ ವಂಶಾವಳಿ



ನಮ್ಮ ಅಜ್ಜಿಯವರು ಪ್ರತಿ ಸಂಜೆ ಜಪಮಾಲೆ ಮುಗಿದೊಡನೆ ಮನೆತನದ ಮೃತರನ್ನೆಲ್ಲ ಹೆಸರು ಹಿಡಿದು ಸ್ಮರಿಸುತ್ತಿದ್ದರು. ಕೊನೆಯ ಹೆಸರು, ಎಂಟೇ ದಿನ ಬದುಕಿದ್ದ ಅವರ ಚೊಚ್ಚಲ ಮಗುವಿನದು. ಬಾಲ್ಯದಲ್ಲಿ ನಾವು ಅದನ್ನು ತೂಕಡಿಸುತ್ತಲೇ ಕೇಳುತ್ತಿದ್ದೆವು. ಗುರುಗಳಾದ ಮೇಲೆ ಊರಿನ ದೇವಾಲಯದ ಹಳೆಯ ಜ್ಞಾನಸ್ನಾನದ ಪುಸ್ತಕದಲ್ಲಿ ಆ ಹೆಸರನ್ನು ಕಂಡಾಗ ಕಣ್ಣು ತುಂಬಿತು. ಅಂದಿನಿಂದ ನಮ್ಮ ವಂಶಾವಳಿಯನ್ನು ಬರೆದಿಡತೊಡಗಿದೆವು.

ಸಂತ ಮತ್ತಾಯರ ಶುಭಸಂದೇಶವೂ ವಂಶಾವಳಿಯಿಂದಲೇ ಆರಂಭವಾಗುತ್ತದೆ. ಅದರಲ್ಲಿ ಪರಕುಲದ ರೂತಳಿಗೂ ಸ್ಥಾನವುಂಟು. ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ತ್ರೆಂತ್ ಮಹಾಸಭೆಯು 1563ರಲ್ಲಿಯೇ ವಿಚಾರಣಾ ಗುರುಗಳಿಗೆ ವಿಧಿಸಿತು.

ಪ್ರಿಯರೇ, ನಮ್ಮ ದೇವಾಲಯದ ನೂರು ವರ್ಷಗಳ ಪುಸ್ತಕಗಳಲ್ಲಿ ಹೆಸರುಗಳಿವೆ. ಆ ಹೆಸರುಗಳ ಕಥೆ ನಿಮ್ಮ ಮನೆಯ ಹಿರಿಯರಲ್ಲಿದೆ. ಅವರಿರುವಾಗಲೇ, ಇಂದು ಸಂಜೆಯೇ, ಬಳಿಯಲ್ಲಿ ಕುಳಿತು ಕೇಳಿ ಬರೆದಿಡಿರಿ. ದೇವರು ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.