ಪುಸ್ತಕದಿಂದ ಎದ್ದುಬಂದ ಸೂರ್ಯನ ಹಬ್ಬ

(ಉಪನ್ಯಾಸದ ಬರಹರೂಪ)



ಜೂನ್ ತಿಂಗಳಲ್ಲಿ ನಮ್ಮಲ್ಲಿ ಹಗಲು ಉದ್ದ. ಭೂಮಧ್ಯರೇಖೆಯ ಆಚೆ, ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಆಗ ಚಳಿಗಾಲ, ವರ್ಷದ ಅತಿ ಸಣ್ಣ ಹಗಲು. ದೂರ ಸರಿದ ಸೂರ್ಯ ಮರಳಿ ಬರಲೆಂದು ಅಲ್ಲಿನ ಇಂಕಾ ಅರಸರು ನಡೆಸುತ್ತಿದ್ದ ಹಬ್ಬವೇ ‘ಇಂತಿ ರೈಮಿ’. ಕೆಚುವಾ ಭಾಷೆಯಲ್ಲಿ ಇಂತಿ ಎಂದರೆ ಸೂರ್ಯ, ರೈಮಿ ಎಂದರೆ ಹಬ್ಬ. ಸುಮಾರು 3,400 ಮೀಟರ್ ಎತ್ತರದ ಕುಸ್ಕೊ ನಗರದಲ್ಲಿ ಈಗಲೂ ಜೂನ್ 24ರಂದು ಅದು ನಡೆಯುತ್ತದೆ.

‘ಈಗಲೂ’ ಎಂದೆನಲ್ಲ, ನಡುವೆ 372 ವರ್ಷ ಅದು ನಿಂತೇಹೋಗಿತ್ತು.

1533ರಲ್ಲಿ ಪಿಜಾರೊನ ಸ್ಪ್ಯಾನಿಷ್ ದಂಡು ಕುಸ್ಕೊ ಹಿಡಿಯಿತು. ಅವರೇ ಪಟ್ಟಕ್ಕೇರಿಸಿದ ಮಾಂಕೊ ಇಂಕಾ 1536ರಲ್ಲಿ ತಿರುಗಿಬಿದ್ದು ನಗರಕ್ಕೆ ಮುತ್ತಿಗೆ ಹಾಕಿದ. ಊರ ಮೇಲಿನ ಸಾಕ್ಸಾಯ್‌ವಮಾನ್ ಕೋಟೆಯಲ್ಲಿ ಘೋರ ಕಾಳಗ ನಡೆದು ಕೋಟೆ ಅವನ ಕೈತಪ್ಪಿತು. ಗೆದ್ದವರು ಅದರ ಕಲ್ಲು ಕಿತ್ತು ಕೆಥೆಡ್ರಲ್ ಕಟ್ಟಿದರು. ಸೂರ್ಯದೇಗುಲದ ಗೋಡೆಯ ಮೇಲೆಯೇ ಕ್ರೈಸ್ತ ಮಠ ಎದ್ದಿತು. 1572ರಲ್ಲಿ ವೈಸರಾಯ್ ತೊಲೆದೊ ಕೊನೆಯ ಇಂಕಾ ತುಪಾಕ್ ಅಮಾರುವಿನ ತಲೆಯನ್ನು ನಗರದ ಚೌಕದಲ್ಲೇ ಕಡಿಸಿದ. ಸೂರ್ಯನ ಹಬ್ಬಕ್ಕೂ ಅದೇ ವರ್ಷ ನಿಷೇಧ ಬಿತ್ತು.

ಹಬ್ಬದ ವಿವರ ಉಳಿದದ್ದು ಎಲ್ಲಿ? ಸ್ಪ್ಯಾನಿಷ್ ಭಾಷೆಯ ಪುಸ್ತಕವೊಂದರಲ್ಲಿ! ಗಾರ್ಸಿಲಾಸೊ ದೆ ಲಾ ವೇಗಾ 1539ರಲ್ಲಿ ಕುಸ್ಕೊದಲ್ಲಿ ಹುಟ್ಟಿದವನು. ತಂದೆ ಸ್ಪ್ಯಾನಿಷ್ ದಳಪತಿ, ತಾಯಿ ಇಂಕಾ ರಾಜವಂಶದವಳು. 1560ರಲ್ಲಿ ಸ್ಪೇನಿಗೆ ಹೋದವನು ಮತ್ತೆ ಊರು ಕಾಣಲಿಲ್ಲ. ತಾಯಿಯ ಬಂಧುಗಳಿಂದ ಕೇಳಿದ್ದನ್ನು ಮುಪ್ಪಿನಲ್ಲಿ ಬರೆದ. 1609ರಲ್ಲಿ ಅದು ಅಚ್ಚಾಯಿತು. ತವರಿನ ವೈಭವವನ್ನು ತುಸು ಹೆಚ್ಚಾಗಿಯೇ ಬಣ್ಣಿಸಿದ್ದಾನೆ, ಅದು ನಿಜ.

ಆದರೆ ಆ ಪುಸ್ತಕಕ್ಕೂ ಆಳುವವರು ಹೆದರಿದರು. 1780ರಲ್ಲಿ ಎರಡನೆಯ ತುಪಾಕ್ ಅಮಾರು ಎನಿಸಿಕೊಂಡ ನಾಯಕ ದಂಗೆಯೆದ್ದ. ಮರುವರ್ಷ ಅದೇ ಚೌಕದಲ್ಲಿ ಅವನನ್ನು ಕೊಂದರು. ಆಮೇಲೆ ಇಂಕಾ ಉಡುಪು ನಿಷಿದ್ಧ, ಕೆಚುವಾ ನಿಷಿದ್ಧ, ಗಾರ್ಸಿಲಾಸೊನ ಗ್ರಂಥವೂ ನಿಷಿದ್ಧ.

1944ರಲ್ಲಿ ಉಂಬೆರ್ತೊ ವಿದಾಲ್ ಉಂದಾ ಮೊದಲಾದ ಕುಸ್ಕೊದ ಬುದ್ಧಿಜೀವಿಗಳು ಹಬ್ಬವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಗಾರ್ಸಿಲಾಸೊನ ವರ್ಣನೆಯನ್ನು ಆಧರಿಸಿ ಫೌಸ್ತಿನೊ ಎಸ್ಪಿನೊಜಾ ನವಾರೊ ಕೆಚುವಾದಲ್ಲೇ ಸಂಭಾಷಣೆ ಬರೆದು, ತಾನೇ ಇಂಕಾ ಪಾತ್ರ ವಹಿಸಿದ. ಪೆರುವಿನಲ್ಲಿ ಆ ಭಾಷೆಗೆ ಅಧಿಕೃತ ಮಾನ್ಯತೆ ಸಿಕ್ಕಿದ್ದು ಮೂರು ದಶಕಗಳ ನಂತರ, 1975ರಲ್ಲಿ!

ಇದು ಹಬ್ಬವಲ್ಲ, ಪ್ರವಾಸಿಗರಿಗಾಗಿ ಆಡುವ ನಾಟಕ ಎಂದು ಮೂಗು ಮುರಿಯುವವರಿದ್ದಾರೆ. ನಾಟಕವೇ ಸರಿ, ಲಾಮಾ ಬಲಿ ಕೂಡ ಈಗ ಬರೀ ಅಭಿನಯ. ಆದರೂ ಆ ಟೀಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಇಂಕಾ ವೇಷಧಾರಿ ಹಾದುಬರುವುದು ತಲೆ ಉರುಳಿದ ಚೌಕವನ್ನು. ಮುಖ್ಯ ವಿಧಿ ನಡೆಯುವುದು 1536ರ ರಣರಂಗದಲ್ಲಿ. ಅಲ್ಲಿ ದುಬಾರಿ ಟಿಕೆಟ್ಟಿನ ಆಸನಗಳಲ್ಲಿ ಕುಳಿತ ವಿದೇಶಿಯರಲ್ಲಿ ಹೆಚ್ಚಿನವರಿಗೆ ಒಂದು ಮಾತೂ ಅರ್ಥವಾಗದು. ಸುತ್ತಲ ಗುಡ್ಡದ ಮೇಲೆ, ಬುತ್ತಿ ಕಟ್ಟಿಕೊಂಡು ಬಂದು ಪುಕ್ಕಟೆಯಾಗಿ ನೋಡುವ ಸ್ಥಳೀಯರಲ್ಲಿ ಎಷ್ಟೋ ಮಂದಿಗೆ ಅದು ಮನೆಮಾತು.