ಕುಂಡದ ದಾಸವಾಳ, ನೆಲದ ದಾಸವಾಳ



ಒಂದೇ ದಾಸವಾಳದ ಗಿಡದಿಂದ ಎರಡು ಕಡ್ಡಿ ಕತ್ತರಿಸಿ, ಒಂದನ್ನು ಹಿತ್ತಲ ನೆಲದಲ್ಲೂ ಇನ್ನೊಂದನ್ನು ಕುಂಡದಲ್ಲೂ ನೆಟ್ಟೆವೆನ್ನಿ. ನಾಲ್ಕೈದು ವರ್ಷಗಳಲ್ಲಿ ನೆಲದ ಗಿಡ ಆಳೆತ್ತರ ಮೀರಿ ಪೊದೆಯಾಗುತ್ತದೆ. ಕುಂಡದ್ದು ಅದಕ್ಕಿಂತ ಬಹಳ ಗಿಡ್ಡವಾಗಿಯೇ ಉಳಿಯುತ್ತದೆ. ತಾಯಿಗಿಡ ಒಂದೇ, ಬಿಸಿಲೂ ಒಂದೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರ ಮಣ್ಣಿನೊಳಗಿದೆ. ಸ್ವಲ್ಪ ಲೆಕ್ಕ ಹಾಕೋಣ. 30 ಸೆಂ.ಮೀ. ಅಗಲ, ಅಷ್ಟೇ ಆಳವಿರುವ ನೇರ ಗೋಡೆಯ ಕುಂಡದಲ್ಲಿ ಹಿಡಿಸುವ ಮಣ್ಣು ಸುಮಾರು 21 ಲೀಟರ್. ನೆಲದಲ್ಲಿ ಬೇರು ಸುತ್ತಲೂ 1 ಮೀಟರ್ ಹರಡಿ 60 ಸೆಂ.ಮೀ. ಆಳಕ್ಕಿಳಿದರೆ ಅದಕ್ಕೆ ದೊರೆಯುವುದು ಸುಮಾರು 1,880 ಲೀಟರ್, ಅಂದರೆ 90 ಪಟ್ಟು! ಮಣ್ಣೆಂದರೆ ಗಿಡದ ಉಗ್ರಾಣ; ನೀರೂ ಆಹಾರವೂ ಅಲ್ಲಿಯೇ ಇರುತ್ತವೆ. ಹೆಂಡ್ರಿಕ್ ಪೂರ್ಟರ್ ಮತ್ತು ಸಂಗಡಿಗರು 2012ರಲ್ಲಿ 65 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಕುಂಡದ ಗಾತ್ರ ಇಮ್ಮಡಿಯಾದರೆ ಗಿಡದ ಬೆಳವಣಿಗೆ ಸರಾಸರಿ ಶೇ. 43ರಷ್ಟು ಹೆಚ್ಚುತ್ತದೆಂದು ತೋರಿಸಿದರು. ಬೇರಿಗೆ ಇಕ್ಕಟ್ಟಾದರೆ ಎಲೆಗಳ ದ್ಯುತಿಸಂಶ್ಲೇಷಣೆಯೂ ಕುಗ್ಗುತ್ತದೆ.

ಕುಂಡದ ಗಿಡ ನಮ್ಮನ್ನೇ ನಂಬಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ನಾವು ನಾಲ್ಕು ದಿನ ಊರಿಗೆ ಹೋದರೆ ನೆಲದ ಗಿಡ ಆಳದ ತೇವ ಹೀರಿ ತಾಳಿಕೊಳ್ಳುತ್ತದೆ, ಕುಂಡದ್ದು ಒಣಗಿಹೋಗಬಹುದು. ನೀರು ಹೆಚ್ಚಾದರೂ ಅಪಾಯವೇ. ತಳದಲ್ಲಿ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆಯುಂಟು. ನಿಜವಾಗಿ, ನುಣ್ಣನೆಯ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ. ಆದ್ದರಿಂದ ತಳದ ರಂಧ್ರಕ್ಕೆ ಒಂದು ಹೆಂಚಿನ ಚೂರು ಮುಚ್ಚಿ, ಉಳಿದುದಕ್ಕೆಲ್ಲ ಹಗುರವಾದ ಮಣ್ಣು-ಗೊಬ್ಬರದ ಮಿಶ್ರಣ ತುಂಬುವುದೇ ಮೇಲು.

ಹಾಗೆಂದು ಕುಂಡವನ್ನು ತಳ್ಳಿಹಾಕಬೇಕಿಲ್ಲ. ಬಾಡಿಗೆ ಮನೆಯವರು ಗಿಡವನ್ನು ಜೊತೆಯಲ್ಲೇ ಒಯ್ಯಬಹುದು. ಕಟ್ಟಡದ ಅವಶೇಷ ತುಂಬಿದ ನಿವೇಶನದಲ್ಲಿ, ನೀರು ನಿಲ್ಲುವ ಜಿಗುಟು ನೆಲದಲ್ಲಿ ಕುಂಡವೇ ಲೇಸು. ಬೋಗನ್‌ವಿಲ್ಲಾದಂಥ ಗಿಡಕ್ಕೆ ಬೇರಿನ ಇಕ್ಕಟ್ಟೂ ತುಸು ನೀರಡಿಕೆಯೂ ಹೂ ಬಿಡಲು ಪ್ರೇರಣೆಯಾಗುತ್ತವೆ. ಆದರೆ ತಾರಸಿಯ ಮೇಲೆ ತೂಕದ ನೆನಪಿರಲಿ: 45 ಸೆಂ.ಮೀ. ಅಗಲ, ಅಷ್ಟೇ ಆಳದ ಕುಂಡದಲ್ಲಿ 70 ಲೀಟರಿಗೂ ಹೆಚ್ಚು ಮಣ್ಣಿರುತ್ತದೆ. ನೆನೆದಾಗ ಅದು 100 ಕಿಲೋ ದಾಟಬಹುದು. ಅದನ್ನು ಕೈಪಿಡಿ ಗೋಡೆಯ ಮೇಲೆ ಎಂದಿಗೂ ಇಡಬಾರದು.

ಕುಂಡದ ಗೋಡೆಗೆ ತಗುಲಿದ ಬೇರು ಸುರುಳಿ ಸುತ್ತತೊಡಗುತ್ತದೆ. ಎರಡು ವರ್ಷಕ್ಕೊಮ್ಮೆ, ಮುಂಗಾರು ಆರಂಭವಾದಾಗ, ಗಿಡವನ್ನು ಹೊರತೆಗೆದು ಅಂಚಿನ ಬೇರುಗಳನ್ನೂ ಒಂದಿಷ್ಟು ಕೊಂಬೆಗಳನ್ನೂ ಸವರಿ, ಹೊಸ ಮಣ್ಣು ಹಾಕಿ ನೆಡಿ. ಕುಂಡದಿಂದ ನೆಲಕ್ಕೆ ಸಾಗಿಸುವಾಗಲೂ ಸುರುಳಿ ಬಿಡಿಸಿಯೇ ನೆಡಬೇಕು. ಇಲ್ಲದಿದ್ದರೆ ವಿಶಾಲ ನೆಲದಲ್ಲಿಯೂ ಬೇರು ಹಳೆಯ ಸುತ್ತಿನಲ್ಲೇ ತೊಡಕಿಕೊಂಡಿರಬಹುದು. ಕಣಗಿಲೆಯನ್ನು ಸವರುವಾಗ ಮಾತ್ರ ಎಚ್ಚರ. ಅದರ ಎಲ್ಲ ಭಾಗಗಳೂ ವಿಷ.

ನೆಲವಿದ್ದರೆ ನೆಲದಲ್ಲಿ ನೆಡಿ. ಇಲ್ಲದಿದ್ದರೆ ಸಾಧ್ಯವಾದಷ್ಟು ದೊಡ್ಡ ಕುಂಡ ಆರಿಸಿ, ದಿನಕ್ಕೊಮ್ಮೆ ಮಣ್ಣು ಮುಟ್ಟಿ ನೋಡಿ. ನಿಮ್ಮ ಶಾಲೆಯ ಅಂಗಳದಲ್ಲೇ ಎರಡು ಕಡ್ಡಿ ನೆಟ್ಟು, ಪ್ರತಿ ತಿಂಗಳೂ ಎತ್ತರ ಅಳೆದು ಬರೆದಿಡಿ. ಪುಸ್ತಕ ಹೇಳಿದ್ದನ್ನು ಗಿಡವೇ ನಿಮಗೆ ತೋರಿಸಿಕೊಡುತ್ತದೆ.