ನಗೆಯ ಹಿಂದಿನ ಬರವಣಿಗೆ

(ಶತಮಾನೋತ್ಸವದ ನಾಟಕಾಭ್ಯಾಸದ ಆರಂಭದಲ್ಲಿ ಯುವಜನರನ್ನು ಉದ್ದೇಶಿಸಿ ಮಾಡಿದ ಭಾಷಣ)



ನಮ್ಮ ಧರ್ಮಕೇಂದ್ರದ ಯುವಜನರು ಶತಮಾನೋತ್ಸವದ ನಾಟಕಕ್ಕೆ ಸಿದ್ಧರಾಗುತ್ತಿರುವ ಈ ಸಂದರ್ಭದಲ್ಲಿ, ಹಾಸ್ಯವನ್ನು ಬರೆಯುವ ಕಲೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ. ಇದಕ್ಕಾಗಿ ದೂರದ ಉದಾಹರಣೆಗಳನ್ನು ಅರಸಬೇಕಾಗಿಲ್ಲ. ಕನ್ನಡ ನಾಡನ್ನು ನಗಿಸಿದವರಲ್ಲಿ ಹಲವರು ನಮ್ಮ ತುಮಕೂರು ಸೀಮೆಯವರೇ.

ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಜನ್ಮತಾಳಿತು. ಬಾಲ್ಯದಲ್ಲಿಯೇ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಯಜಮಾನರಾದರು. 1972ರಲ್ಲಿ ನಿಧನರಾದ ಅವರನ್ನು ನಾಡು ಇಂದಿಗೂ ‘ನಾಟಕರತ್ನ’ರೆಂದೇ ಸ್ಮರಿಸುತ್ತದೆ. ಅಷ್ಟು ದೊಡ್ಡ ಕಂಪನಿಯ ಯಜಮಾನರಿಗೆ ಕೀರ್ತಿ ತಂದದ್ದು ರಾಜನ ಕಿರೀಟವಲ್ಲ, ‘ಸದಾರಮೆ’ಯ ಕಳ್ಳನ ವೇಷ.

ಆ ನಾಟಕವನ್ನು ರಚಿಸಿದವರು ತುಮಕೂರಿನ ಸಮೀಪದ ಬೆಳ್ಳಾವಿಯ ನರಹರಿ ಶಾಸ್ತ್ರಿಗಳು. 1934ರಲ್ಲಿ ತೆರೆಕಂಡ ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೂ ಸಾಹಿತ್ಯವನ್ನು ಒದಗಿಸಿದವರು ಅವರೇ. ಅವರ ನಾಟಕದಲ್ಲಿ ನಗೆ ಯಾರ ಮೇಲೆ ಬೀಳುತ್ತದೆಂಬುದನ್ನು ಗಮನಿಸಿರಿ. ವಂಚಿಸಲು ಬಂದ ಕಳ್ಳನು ಸದಾರಮೆಯ ಜಾಣ್ಮೆಗೆ ಸೋಲುತ್ತಾನೆ. ಪ್ರೇಕ್ಷಕರು ನಗುವುದು ಕಷ್ಟಕ್ಕೆ ಸಿಲುಕಿದ ಹೆಣ್ಣನ್ನು ಕಂಡಲ್ಲ, ತನ್ನ ಬಲೆಯಲ್ಲಿ ತಾನೇ ಬೀಳುವ ಕಪಟವನ್ನು ಕಂಡು. ಒಳ್ಳೆಯ ಹಾಸ್ಯದ ನ್ಯಾಯ ಇದೇ.

ಬರೆದದ್ದನ್ನು ಹಾಗೆಯೇ ಒಪ್ಪಿಸಿದರೆ ನಗೆ ಹುಟ್ಟದು. ಕಂಪನಿ ನಾಟಕಗಳು ಊರೂರಿನಲ್ಲಿ ಬಿಡಾರ ಹೂಡುತ್ತಿದ್ದವು. ಹಾಸ್ಯನಟನು ಆಯಾ ಊರಿನ ಸಂತೆ, ಅಧಿಕಾರ, ಜಂಭಗಳನ್ನು ಅರಿತು ರಂಗದ ಮೇಲೆಯೇ ಮಾತು ಬೆಳೆಸುತ್ತಿದ್ದನು. ಆದರೆ ಕಥೆಯ ಚೌಕಟ್ಟು ಬರಹದಲ್ಲಿ ಭದ್ರವಾಗಿದ್ದುದರಿಂದಲೇ ಅವನು ಎಷ್ಟು ದೂರ ಹೋದರೂ ಮರಳಿ ಬರಲು ದಾರಿಯಿತ್ತು. ಬರಹವಿಲ್ಲದ ಆಶುಮಾತು ಲಗಾಮಿಲ್ಲದ ಕುದುರೆ.

ಆಕಾಶವಾಣಿಯಲ್ಲಿ ಪರೀಕ್ಷೆ ಇನ್ನೂ ಕಠಿಣ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದರು. 1955ರಲ್ಲಿ ಬೆಂಗಳೂರು ನಿಲಯವು ಬಂದಿತು. ಕುಣಿಗಲ್ಲಿನ ಮನೆಯೊಂದರಲ್ಲಿ ರೇಡಿಯೋ ಮುಂದೆ ಕುಳಿತವನಿಗೆ ನಟನ ಮುಖವಿಲ್ಲ, ವೇಷವಿಲ್ಲ, ಪಕ್ಕದಲ್ಲಿ ನಗುವ ಸಭೆಯೂ ಇಲ್ಲ. ಅಲ್ಲಿ ಎಲ್ಲ ಭಾರವನ್ನು ಮಾತೇ ಹೊರಬೇಕು. ಅನಗತ್ಯವಾದ ಒಂದು ಪದವೂ ನಗೆಯನ್ನು ಕೊಲ್ಲುತ್ತದೆ.

ರಂಗದಲ್ಲಿ ಪಳಗಿದ ಈ ಹಾಸ್ಯವೇ ಚಲನಚಿತ್ರಕ್ಕೂ ಹರಿಯಿತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಬೆಳಕಿಗೆ ಬಂದ ನರಸಿಂಹರಾಜು ಅವರು ನಮ್ಮ ಜಿಲ್ಲೆಯ ತಿಪಟೂರಿನವರು, ನಾಟಕ ಕಂಪನಿಗಳಲ್ಲಿ ಬೆಳೆದವರು. ಹುಬ್ಬಲ್ಲು, ತೆಳುವಾದ ಮೈಕಟ್ಟುಗಳಿಂದ ಅವರು ತಮ್ಮನ್ನೇ ನಗೆಗೆ ಒಡ್ಡಿಕೊಂಡರು. ತನ್ನನ್ನು ನೋಡಿ ನಕ್ಕುಕೊಳ್ಳುವವನಿಗೆ ಲೋಕವನ್ನು ನಗಿಸುವ ಹಕ್ಕು ತಾನಾಗಿ ಬರುತ್ತದೆ.

ಆದುದರಿಂದ ಯುವಮಿತ್ರರೇ, ನಿಮ್ಮಲ್ಲಿ ಎರಡು ಬಿನ್ನಹಗಳು. ತೊದಲುವವನನ್ನು, ಕುಂಟುವವನನ್ನು, ಹಳ್ಳಿಯ ಮಾತಾಡುವ ಮನೆಗೆಲಸದವಳನ್ನು ಹಾಸ್ಯದ ಸರಕಾಗಿಸಬೇಡಿರಿ. ಅಂಥವರೂ ನಮ್ಮ ಸಭೆಯಲ್ಲಿ ಕುಳಿತಿರುತ್ತಾರೆ. ಎಲ್ಲರೂ ನಗುವಾಗ ಅವರೊಬ್ಬರು ತಲೆ ತಗ್ಗಿಸಿದರೆ ನಮ್ಮ ಉತ್ಸವವೇ ಸೋತಂತೆ. ನಮ್ಮ ಲೋಭ, ಒಣಪ್ರತಿಷ್ಠೆ, ಚಾಡಿಗಳು ಬೇಕಾದಷ್ಟಿವೆ, ಅವನ್ನು ಬಳಸಿಕೊಳ್ಳಿರಿ. ಗುರುಗಳ ದೀರ್ಘ ಪ್ರಸಂಗವನ್ನೂ ಬಿಡಬೇಕಾಗಿಲ್ಲ!

ಎರಡನೆಯದು: ಅಭ್ಯಾಸದಲ್ಲಿ ಹುಟ್ಟಿದ ಒಳ್ಳೆಯ ಮಾತನ್ನು ಅಂದೇ ಬರೆದಿಡಿರಿ. ರಂಗದ ಮೇಲೆ ಹುಟ್ಟಿದ ಎಷ್ಟೋ ಮಾತುಗಳು ನಟರೊಡನೆಯೇ ಮರೆಯಾದವು. ನಿಮ್ಮ ಮಕ್ಕಳು ಮುಂದೊಂದು ದಿನ ಈ ನಾಟಕವನ್ನು ಆಡಬಯಸಿದರೆ ಹಸ್ತಪ್ರತಿಯು ಅವರ ಕೈಗೆ ಸಿಗಲಿ.

ನಿಮ್ಮ ಪ್ರಯತ್ನವು ಯಾರನ್ನೂ ನೋಯಿಸದೆ ಎಲ್ಲರನ್ನೂ ನಗಿಸಲೆಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.